ಬಹುವಚನದ ಅಜ್ಜಿ

ಜರ್ಮನಿಯ ಟ್ಯೂಬಿಂಗನ್‌ಗೆ ಬಂದ ಎರಡನೆಯ ವಾರ. ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಹಿಡಿಕೆಗೆ ಅಂಗೈಯಗಲದ ಮರದ ಹಲಗೆಯೊಂದು ನೇತಾಡುತ್ತಿತ್ತು. ಅಂಚಿಗೆ ಹೂಬಳ್ಳಿ, ನಡುವೆ ಉದ್ದನೆಯ ಒಂದೇ ಪದ. ನಮ್ಮ ಕಡೆ ಬಾಗಿಲಿಗೆ ‘ಸುಸ್ವಾಗತ’ ಹಾಕುತ್ತಾರಲ್ಲ, ಅದೇ ಜಾತಿಯದಿರಬೇಕು ಅಂದುಕೊಂಡೆ. ಒಳಗೆ ತಂದು ಓದುವ ಮೇಜಿನ ಮೇಲುಗಡೆ ಮೊಳೆಗೆ ಸಿಕ್ಕಿಸಿ, ಫೋಟೊ ತೆಗೆದು ಮನೆಗೆ ಕಳಿಸಿದೆ. “ಎಷ್ಟು ಒಳ್ಳೇ ಜನ ಕಣೋ!” ಎಂದರು ಅಮ್ಮ.

ಶನಿವಾರ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯ ಅಜ್ಜಿ. ಮೊದಲು ನಮಸ್ಕಾರ, ಆಮೇಲೆ ತೊಂದರೆ ಕೊಟ್ಟಿದ್ದಕ್ಕೆ ಕ್ಷಮೆ, ಆಮೇಲೆ ವಿಷಯ: “ತಾವು ಆರು ದಿನದಿಂದ ಮೆಟ್ಟಿಲು ಗುಡಿಸಿಲ್ಲ.” ಕೈಹಿಡಿ ಕಂಬಿಯ ಮೇಲೆ ಬೆರಳೆಳೆದು, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು.

ಹಲಗೆಯ ಮೇಲಿದ್ದ ಪದ ‘ಕೇರ್‌ವೋಖೆ’. ಕೇರ್ ಅಂದರೆ ಗುಡಿಸು, ವೋಖೆ ಅಂದರೆ ವಾರ. ಶ್ವಾಬಿಯಾ ಸೀಮೆಯ ಹಳೇ ಕಟ್ಟಳೆ. ಹಲಗೆ ಯಾರ ಬಾಗಿಲಿಗೆ ಬಂತೋ ಆ ವಾರ ಮೆಟ್ಟಿಲು ಅವರದು; ಮುಗಿದ ಮೇಲೆ ಪಕ್ಕದ ಬಾಗಿಲಿಗೆ ತೂಗುಹಾಕಬೇಕು. ಇದರಲ್ಲಿ ಚಿಕ್ಕದು, ದೊಡ್ಡದು ಅಂತ ಎರಡು ಬಗೆ. ದೊಡ್ಡದು ಬಂದರೆ ಮನೆ ಮುಂದಿನ ಕಾಲುದಾರಿಯೂ ನಮ್ಮ ತಲೆಗೆ. ಚಳಿಗಾಲದಲ್ಲಿ ಅದರ ಮೇಲೆ ಬಿದ್ದ ಹಿಮವೂ. ನಾವು ಮೊರದಲ್ಲಿ ಅಕ್ಕಿ ಕೇರುತ್ತೇವೆ, ಇವರು ಮೆಟ್ಟಿಲು ಕೇರುತ್ತಾರೆ. ಹೀಗೆ ಪದವೇನೋ ಸುಲಭವಾಗಿ ನೆನಪಲ್ಲಿ ಉಳಿಯಿತು, ಕೆಲಸ ಮಾತ್ರ ಕೈಗೆ ಹತ್ತಲಿಲ್ಲ.

ಅಂಗಳ ತೊಳೆಯುವುದನ್ನು ನೋಡಿ ಬೆಳೆದವನು ನಾನು. ಗುಡಿಸಿ, ಒಂದು ಬಕೆಟ್ ನೀರು ತಂದು ಮೇಲಿನ ಮೆಟ್ಟಿಲಿನಿಂದ ‘ಧೋ’ ಅಂತ ಹೊಯ್ದೆ. ನೀರು ಜೋಗದ ರಾಜಾ, ರಾಣಿ ಎರಡೂ ಆಗಿ ಇಳಿದು ಅಜ್ಜಿಯ ಕಾಲೊರಸಿನ ಮೇಲೆ ನಿಂತಿತು. ಆ ಮೆಟ್ಟಿಲಿಗೆ ಬಚ್ಚಲ ಕಿಂಡಿಯಂಥದು ಎಲ್ಲೂ ಇರಲಿಲ್ಲ. ಅಜ್ಜಿ ಹೊರಗೆ ಬಂದು, ಪಾದ ನೋಡಿಕೊಂಡು, “ತಾವು ಏನು ಮಾಡುತ್ತಿದ್ದೀರಿ ಅಂತ ಕೇಳಬಹುದೆ?” ಎಂದರು.

ಬೈಯುವಾಗಲೂ ಬಹುವಚನ! ನಮ್ಮ ಮನೆಯಲ್ಲಿ ಅಪ್ಪ ಬಹುವಚನಕ್ಕೆ ತಿರುಗಿದರೆ ಗ್ರಹಚಾರ ಕೆಟ್ಟಿತೆಂದೇ ಲೆಕ್ಕ: “ಏನು, ಸಾಹೇಬರು ಎದ್ದರೋ?” ಇಲ್ಲಿ ಹಾಗಲ್ಲ. ‘ಜೀ’ ಅಂದರೆ ತಾವು, ‘ಡು’ ಅಂದರೆ ನೀನು. ‘ತಾವು’ ಬಿಟ್ಟು ‘ನೀನು’ಗೆ ಬರಬೇಕಾದರೆ ದೊಡ್ಡವರೇ ಮೊದಲು ಬಾಯಿಬಿಡಬೇಕು. ಅಲ್ಲಿಯವರೆಗೆ ಮರ್ಯಾದೆಯಿಂದ ಬೈಸಿಕೊಳ್ಳುತ್ತಿರಬೇಕು.

ಸೋಡಾ ಬಾಟಲಿಯನ್ನು ಕಸಕ್ಕೆ ಹಾಕಿದಾಗ ಬಹುವಚನ: ಅಂಗಡಿಯ ಯಂತ್ರಕ್ಕೆ ವಾಪಸು ಕೊಟ್ಟರೆ 25 ಸೆಂಟ್ ಬರುತ್ತದಂತೆ. ಭಾನುವಾರ ಗಾಜಿನ ಡಬ್ಬಿಗಳನ್ನು ತೊಟ್ಟಿಗೆ ಸುರಿದಾಗ ಬಹುವಚನ: ಅಂದು ಸದ್ದು ಮಾಡುವಂತಿಲ್ಲ. ಚಹಾದ ಚರಟ ಪ್ಯಾಕಿಂಗ್ ಕಸದ ಹಳದಿ ಚೀಲಕ್ಕೆ ಹೋದಾಗಲಂತೂ ಸಂಪೂರ್ಣ ವ್ಯಾಕರಣ.

ನಮ್ಮ ಕಿಟೆಲ್ ಸಾಹೇಬರು ಕೊನೆಗಾಲ ಕಳೆದದ್ದು ಇದೇ ಊರಿನಲ್ಲಿ. ತೀರಿಕೊಂಡದ್ದೂ ಇಲ್ಲೇ, 1903ರಲ್ಲಿ. ಆ ಪುಣ್ಯಾತ್ಮರು ನಮ್ಮ ನಾಡಿಗೆ ಬಂದು ಕನ್ನಡ ಕಲಿತು, 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಅವರ ಊರಿಗೆ ಬಂದ ನಾನು ನಾಲ್ಕು ತಿಂಗಳಲ್ಲಿ ಕಲಿತದ್ದು ಇನ್ನೂರು ಪದ, ಅದರಲ್ಲಿ ಅರ್ಧ ಕಸದವು. ವಿದ್ಯಾರ್ಥಿ ವಿನಿಮಯವೆಂದು ನನ್ನನ್ನು ಕಳಿಸಿದ್ದಾರೆ ನಿಜ. ಆದರೆ ಲೆಕ್ಕ ಹಾಕಿದರೆ ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ಕೊಂಡವರು ನಾವೇ.

ಕೊನೆಗೆ ಅಜ್ಜಿಯೇ ಕಲಿಸಿದರು. ಬಟ್ಟೆಯನ್ನು ಅದ್ದಿ, ಇನ್ನು ಒಂದು ಹನಿಯೂ ಇಳಿಯದು ಎನ್ನುವವರೆಗೆ ಹಿಂಡಬೇಕು. ಮೇಲಿನ ಮೆಟ್ಟಿಲಿನಿಂದ ಶುರುಮಾಡಿ, ಹಿಂದೆ ಹಿಂದೆ ಇಳಿಯುತ್ತ ಒರೆಸಬೇಕು. ಮೂಲೆಗೆ ಬಂದಾಗ ಬಟ್ಟೆಯೊಳಗಿನ ತೋರುಬೆರಳಿಗೇ ಕೆಲಸ. ಫೋನಿನಲ್ಲಿ ಹೇಳಿದರೆ ಅಮ್ಮನಿಗೆ ಸಂಕಟ: “ಇಲ್ಲಿ ಒಂದು ದಿನ ಪೊರಕೆ ಮುಟ್ಟಿದವನಲ್ಲ. ಸಾಲ ಮಾಡಿ ಕಳಿಸಿದ್ದು ಕಸ ಗುಡಿಸೋಕಾ?” ಹಿಂದಿನಿಂದ ಅಪ್ಪನ ದನಿ: “ಅದಕ್ಕೂ ಮಾರ್ಕ್ಸ್ ಇದೆಯಾ ಕೇಳೇ.”

ಫೆಬ್ರವರಿಯಲ್ಲಿ ದೊಡ್ಡ ಕೇರ್‌ವೋಖೆಯ ಹಲಗೆ ನನ್ನ ಬಾಗಿಲಿಗೆ ಬಂದ ವಾರವೇ ರಾತ್ರಿಯಿಡೀ ಹಿಮ ಸುರಿಯಿತು. ಆರು ಗಂಟೆಗೇ ಎದ್ದು, ಇದ್ದ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ಏರಿಸಿ, ಸಲಿಕೆ ಹಿಡಿದೆ. ಕಾಲುದಾರಿಯ ಹಿಮ ತಳ್ಳಿ, ಕಾಲು ಜಾರದಂತೆ ಜಲ್ಲಿಪುಡಿ ಎರಚಿ, ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಕೆಳಗಿನ ಕಿಟಕಿ ತೆರೆಯಿತು. ಅಜ್ಜಿ ಈ ತುದಿಯಿಂದ ಆ ತುದಿಯವರೆಗೆ ಕಣ್ಣಾಡಿಸಿದರು. ಇಂದು ನಮಸ್ಕಾರವಿಲ್ಲ, ಕ್ಷಮೆಯಿಲ್ಲ.

“ಎಡಗಡೆ ಇನ್ನೂ ಉಳಿಸಿದ್ದೀಯಲ್ಲೋ.”

‘ಡು’ ಅಂದಿದ್ದರು. ಆ ‘ಲ್ಲೋ’ ಮಾತ್ರ ನಾನು ಸೇರಿಸಿದ್ದು. ಸಲಿಕೆ ಎತ್ತಿಕೊಂಡು ಎಡಗಡೆಗೆ ಹೋದೆ.