ಮೂವತ್ತು ಲೈಫಿನ ಷಡ್ಡಕ

ನಲವತ್ತು ದಾಟಿದ ಗಂಡಸರಿಗೆ ಬರುವ ಕಾಯಿಲೆಗಳಲ್ಲಿ ಬಿಪಿಗೆ, ಶುಗರ್‌ಗೆ ಮಾತ್ರೆಯಿದೆ. ಹಳೇ ವಿಡಿಯೋ ಗೇಮಿನ ಹುಚ್ಚಿಗೆ ಇಲ್ಲ. ಹಿಡಿದವರನ್ನು ಗುರುತಿಸುವುದು ಸುಲಭ. ಮಗನಿಗೆ ಐವತ್ತು ಸಾವಿರ ಸುರಿದು ಪ್ಲೇಸ್ಟೇಷನ್ ಕೊಡಿಸಿರುತ್ತಾರೆ. ಅದರಲ್ಲಿ ಫುಟ್ಬಾಲ್ ಆಟಗಾರನ ಹಣೆಯ ಬೆವರು ಕೂಡ ಕಾಣುತ್ತದೆ. ಇವರು ಅದರ ಕಡೆ ತಿರುಗಿಯೂ ನೋಡರು. ಅಂಗೈಯಗಲದ ಡಬ್ಬಿ ಹಿಡಿದುಕೊಂಡು, ಮೂಗೆಲ್ಲಿ ಮೀಸೆಯೆಲ್ಲಿ ತಿಳಿಯದ ಮಾರಿಯೋನನ್ನು ನೆಗೆಸುತ್ತಾ, ‘ಇದಪ್ಪಾ ಗೇಮ್ ಅಂದ್ರೆ’ ಎಂದು ನಿಟ್ಟುಸಿರು ಬಿಡುತ್ತಾರೆ.

ನನ್ನ ಪಾಲಿಗೆ ಬಂದವರು ನನ್ನ ಷಡ್ಡಕರು. ಹೆಂಡತಿಯ ಅಕ್ಕನ ಗಂಡ; ಅವಳು ಭಾವ ಅನ್ನುತ್ತಾಳೆಂದು ನನಗೂ ಭಾವ. ಕೆಲಸ ವೈಟ್‌ಫೀಲ್ಡಿನಲ್ಲಿ, ಊರು ತಿಪಟೂರಿನ ಪಕ್ಕ, ಮನಸ್ಸು 1995ರ ಬೇಸಿಗೆ ರಜೆಯಲ್ಲಿ. ಆಗ ಅವರ ಬೀದಿಯಲ್ಲೊಬ್ಬ ವಿಡಿಯೋ ಗೇಮನ್ನು ಗಂಟೆಗಿಷ್ಟು ಅಂತ ಬಾಡಿಗೆಗೆ ಕೊಡುತ್ತಿದ್ದನಂತೆ. ಜಪಾನಿನ ನಿಂಟೆಂಡೋ ಕಂಪನಿ 1983ರಲ್ಲಿ ಹೊರತಂದ ಫ್ಯಾಮಿಕಾಂನ ನಕಲಿಗಳು ನಮ್ಮೂರುಗಳನ್ನು ಮುಟ್ಟುವ ಹೊತ್ತಿಗೆ ಅಸಲೇ ಹತ್ತು ವರ್ಷ ಹಳೆಯದಾಗಿತ್ತು ಅನ್ನುವುದು ನಮಗ್ಯಾರಿಗೂ ಗೊತ್ತಿರಲಿಲ್ಲ. ಕ್ಯಾಸೆಟ್ಟಿನ ಮೇಲೆ ‘99,99,999 ಆಟಗಳು’ ಎಂದು ಅಚ್ಚಾಗಿರುತ್ತಿತ್ತು. ಹಾಕಿ ನೋಡಿದರೆ ಇದ್ದದ್ದು ಬೆರಳೆಣಿಕೆಯಷ್ಟು. ಅವೇ ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಬರುತ್ತಿದ್ದವು. ಚುನಾವಣಾ ಪ್ರಣಾಳಿಕೆಗೆ ನಮ್ಮ ತಲೆಮಾರು ತಯಾರಾದದ್ದು ಅಲ್ಲೇ ಇರಬೇಕು.

ಭಾವನ ಮನೆಗೆ ಹೋದರೆ ಕಾಫಿ ಬರುವಷ್ಟರಲ್ಲಿ ಉಪನ್ಯಾಸ ಶುರು. ಮಾರಿಯೋಗೆ ಮೀಸೆ ಇಟ್ಟಿದ್ದೇಕೆ? ಅಷ್ಟು ಸಣ್ಣ ಚಿತ್ರದಲ್ಲಿ ಬಾಯಿ ಬಿಡಿಸಲು ಜಾಗವಿರಲಿಲ್ಲ. ಟೋಪಿ ಏಕೆ? ಕೂದಲು ಬಿಡಿಸುವ ಕಷ್ಟಕ್ಕೆ. ಆಕಾಶದಲ್ಲಿರುವ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ‘1985ರಲ್ಲಿ ಇಡೀ ಗೇಮನ್ನ ನಲವತ್ತು ಕೆಬಿಯೊಳಗೆ ಕೂರಿಸಿದ್ರು ಕಣ್ರೀ! ದಿನಾ ಬೆಳಿಗ್ಗೆ ನೀವು ಗ್ರೂಪಿಗೆ ಹಾಕ್ತೀರಲ್ಲ ಗುಲಾಬಿ ಹೂವು, ಅದೇ ಇದಕ್ಕಿಂತ ದೊಡ್ಡದು.’ ಗುಲಾಬಿ ಹಾಕುವುದನ್ನು ನಾನು ಅಂದೇ ನಿಲ್ಲಿಸಿದೆ. ಈಗ ದಾಸವಾಳ ಹಾಕುತ್ತೇನೆ.

ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದುವುದು ಅವರ ಇನ್ನೊಂದು ಆಚಾರ. ಉಸಿರಿನ ತೇವಕ್ಕೆ ಲೋಹದ ಪಿನ್ನುಗಳು ಹಾಳಾಗುತ್ತವೆ, ಊದಬೇಡಿ ಎಂದು ನಿಂಟೆಂಡೋದವರೇ ಹೇಳಿದ್ದಾರೆ. ಆಟ ಶುರುವಾಗುತ್ತಿದ್ದದ್ದು ತೆಗೆದು ಮತ್ತೆ ಹಾಕಿದ್ದರಿಂದ, ಊದಿದ್ದರಿಂದಲ್ಲ. ಇದನ್ನು ಹೇಳಿ ನೋಡಿದೆ. ‘ಅದು ಕನೆಕ್ಷನ್‌ಗಲ್ಲ, ಭಕ್ತಿಗೆ’ ಎಂದು ಇನ್ನೊಮ್ಮೆ ಊದಿದರು.

ಇಷ್ಟನ್ನೂ ಸಹಿಸಬಹುದಿತ್ತು. ಬಾತುಕೋಳಿಯ ಪ್ರಕರಣವೇ ಬೇರೆ.

ಬೆಂಗಳೂರಿನ ಸಂಡೇ ಬಜಾರಿನಲ್ಲಿ ಅವರಿಗೆ ಒಂದು ಹಳೇ ಸೆಟ್ಟು ಸಿಕ್ಕಿತು, ಗನ್ ಸಮೇತ. ಹಾರುವ ಬಾತುಕೋಳಿ ಹೊಡೆಯುವ ಡಕ್ ಹಂಟ್ ಆಟದ ಗನ್. ಮನೆಗೆ ತಂದು, ಗೋಡೆಯಗಲದ ಎಲ್‌ಇಡಿ ಟೀವಿಗೆ ಜೋಡಿಸಿ, ಸೋಫಾ ಹಿಂದಕ್ಕೆ ತಳ್ಳಿ, ಒಂದು ಕಣ್ಣು ಮುಚ್ಚಿ ಹೊಡೆದರು. ಬಾತುಕೋಳಿ ಹಾರಿಹೋಯಿತು. ಹುಲ್ಲಿನ ಮರೆಯಿಂದ ಆಟದೊಳಗಿನ ನಾಯಿ ಎದ್ದು ಕಿಸಕ್ಕೆಂದು ನಕ್ಕಿತು. ಮತ್ತೆ ಹೊಡೆದರು, ಮತ್ತೆ ನಕ್ಕಿತು. ಕೊನೆಗೆ ಗನ್ನಿನ ನಳಿಕೆಯನ್ನು ಪರದೆಗೇ ಒತ್ತಿ ಹೊಡೆದರು. ನಾಯಿಗೆ ಇನ್ನೂ ಖುಷಿ.

ಕಾರಣ ಸರಳ. ಆ ಗನ್ನಿನಿಂದ ಏನೂ ಹೊರಬರುವುದಿಲ್ಲ, ಅದು ನೋಡುತ್ತದೆ ಅಷ್ಟೆ. ಕುದುರೆ ಎಳೆದ ಕ್ಷಣ ಪರದೆ ಕಪ್ಪಾಗಿ, ಮರುಕ್ಷಣ ಬಾತುಕೋಳಿ ಇದ್ದಲ್ಲಿ ಒಂದು ಬಿಳೀ ಚೌಕ ಮೂಡುತ್ತದೆ. ಆ ಬೆಳಕು ನಳಿಕೆಯೊಳಗಿನ ಸೆನ್ಸರಿಗೆ ಕಂಡರೆ ಬಾತು ಸತ್ತಂತೆ. ಹಳೇ ಪಿಕ್ಚರ್ ಟ್ಯೂಬ್ ಟೀವಿ ಚಿತ್ರವನ್ನು ಆ ಕ್ಷಣಕ್ಕೇ ಬರೆಯುತ್ತದೆ. ಎಲ್‌ಇಡಿ ಒಂದಿಷ್ಟು ಯೋಚಿಸಿ ಬರೆಯುತ್ತದೆ. ಅಷ್ಟರಲ್ಲಿ ಗನ್ ಕಣ್ಣು ಮುಚ್ಚಿಕೊಂಡಿರುತ್ತದೆ.

ಆದ್ದರಿಂದ ಗುಜರಿ ಅಂಗಡಿಯಿಂದ ಇಪ್ಪತ್ತೊಂದು ಇಂಚಿನ ಟ್ಯೂಬ್ ಟೀವಿ ಬಂತು. ಎಲ್ಲಿಗೆ? ನಮ್ಮ ಮನೆಗೆ. ‘ನಿಮ್ಮತ್ತಿಗೆ ಒಳಗೆ ಬಿಡಲ್ಲ ಕಣ್ರೀ’ ಎಂದರು. ನಮ್ಮದು ಲಿಫ್ಟಿಲ್ಲದ ಮೂರನೇ ಮಹಡಿ. ಆ ಕಾಲದ ಟೀವಿ ಎಷ್ಟು ಭಾರ ಅನ್ನುವುದನ್ನು ಹೊತ್ತವರೇ ಬಲ್ಲರು. ಹಳೆಯ ಕಾಲದ ಮೇಲೆ ನನಗಿದ್ದ ಅಲ್ಪಸ್ವಲ್ಪ ಪ್ರೀತಿಯನ್ನು ಎರಡನೇ ಮಹಡಿಯ ತಿರುವಿನಲ್ಲೇ ಇಳಿಸಿ ಬಂದೆ. ದಸರಾ ಗೊಂಬೆ ಕೂರಿಸುವ ಜಾಗದಲ್ಲಿ ಅದನ್ನು ಕೂರಿಸಿದ್ದಾಯಿತು. ಒಂದು ಮೂಲೆ ಹಸಿರು ಬಣ್ಣಕ್ಕೆ ತಿರುಗಿತ್ತು. ಭಾವ ಗುರಿಯಿಟ್ಟರು. ಬಾತುಕೋಳಿ ರೆಕ್ಕೆ ಮುದುರಿ ಬಿತ್ತು. ‘ಬಿತ್ತೂ...!’ ಎಂದು ಅವರು ಕಿರುಚಿದ್ದಕ್ಕೆ ಕೆಳಗಿನ ಮನೆಯ ಓನರ್ ಓಡಿ ಬಂದು, ಯಾರಿಗೆ ಎಷ್ಟು ಪೆಟ್ಟಾಯಿತು ಎಂದು ವಿಚಾರಿಸಿದರು.

ಆ ಸಂಜೆ ನನ್ನ ಮಗಳು ಪಕ್ಕದಲ್ಲಿ ಕೂತು ಸುಮ್ಮನೆ ರಿಮೋಟ್ ಒತ್ತುತ್ತಿದ್ದಳು. ಒಂದೇ ಬಾತು ಹಾರುವ ಆಟದಲ್ಲಿ ರಿಮೋಟ್ ಹಿಡಿದವರು ಅದನ್ನು ಬೇಕಾದ ಕಡೆ ಓಡಿಸಬಹುದು. ಭಾವನಿಗೆ ಇದು ಗೊತ್ತೇ ಇರಲಿಲ್ಲ. ಮಗಳು ಬಾತನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಿದ್ದುದನ್ನು ಕಂಡು ಅವರ ಮುಖ ನಿಧಾನಕ್ಕೆ ಬದಲಾಯಿತು. ಊರಿನಲ್ಲಿ ಅವರು ಗನ್ ಹಿಡಿದಾಗಲೆಲ್ಲ ಅವರ ತಮ್ಮ ಪಾಪದವನ ಹಾಗೆ ರಿಮೋಟ್ ಹಿಡಿದು ಕೂರುತ್ತಿದ್ದನಂತೆ. ಕೂಡಲೇ ಅಮೆರಿಕದಲ್ಲಿದ್ದ ತಮ್ಮನಿಗೆ ಫೋನ್ ಹೋಯಿತು. ಅಲ್ಲಿ ನಸುಕು. ನಿದ್ದೆಗಣ್ಣಿನ ಉತ್ತರ ಸ್ಪೀಕರಿನಲ್ಲಿ ನನಗೂ ಕೇಳಿಸಿತು: ‘ಗೊತ್ತಿತ್ತು ಕಣೋ ಅಣ್ಣ. ನೀನು ನಂಗೆ ಗನ್ ಕೊಡ್ತಾನೇ ಇರ್ಲಿಲ್ವಲ್ಲ.’ ಆಮೇಲೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ಅಪ್ಪನ ಮಂಡಿನೋವಿನ ಬಗ್ಗೆಯೂ ಮಾತು ಬಂತು.

ಆ ಅಪ್ಪ ಊರಿನಲ್ಲಿ ತೆಂಗಿನ ತೋಟ ನೋಡಿಕೊಂಡಿದ್ದಾರೆ. ಭಾವ ಲ್ಯಾಪ್‌ಟಾಪಿನಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ ಆಡುತ್ತಾರೆ. ಎರಿಕ್ ಬರೋನ್ ಎನ್ನುವ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ, ಬೇಕೆಂದೇ ಹಳೇ ಗೇಮಿನ ಹಾಗೆ ಕಾಣುವ ಆಟ. ಪಟ್ಟಣದ ಕೆಲಸ ಬಿಟ್ಟು ತಾತನ ಜಮೀನಿಗೆ ಮರಳುವುದೇ ಅದರ ಕಥೆ. ನಮ್ಮ ಯಾವ ಸಂತೆಯಲ್ಲೂ ಕಾಣದ ಪಾರ್ಸ್‌ನಿಪ್ ಗೆಡ್ಡೆಗೆ ಭಾವ ದಿನವೂ ತಪ್ಪದೆ ನೀರು ಹಾಕುತ್ತಾರೆ. ಮರಕ್ಕೆ ನುಸಿ ಬಿದ್ದಿದೆ, ಬಂದು ನೋಡು ಎಂದು ಅಪ್ಪ ಫೋನ್ ಮಾಡಿದರೆ, ಮುಂದಿನ ತಿಂಗಳು ಬರ್ತೀನಿ ಅನ್ನುತ್ತಾರೆ. ಈ ವಿಷಯ ನಾನು ಎತ್ತುವುದಿಲ್ಲ. ನಮ್ಮೂರಿನ ನಮ್ಮ ಗದ್ದೆಯೂ ವಾರಕ್ಕೆ ಹೋಗಿದೆ.

ಇನ್ನೊಂದು ವಿಚಿತ್ರವಿದೆ. ಅಂಗೈಯ ಆ ಡಬ್ಬಿಯಲ್ಲಿ ಈಗ ಸಾವಿರಾರು ಆಟಗಳಿವೆ, ಈ ಸಲ ನಿಜವಾಗಿಯೂ. ಭಾವ ಅದರ ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸುತ್ತಾರೆ, ಕೆಳಗಿಂದ ಮೇಲೆ ಸರಿಸುತ್ತಾರೆ, ಒಂದನ್ನು ತೆರೆದು ಅರೆನಿಮಿಷ ಆಡಿ ಮುಚ್ಚುತ್ತಾರೆ. ಗಂಟೆಯ ಬಾಡಿಗೆ ಮುಗಿಯುತ್ತಾ ಬಂದಾಗ ಬೀದಿಯ ಹುಡುಗರೆಲ್ಲ ಹೆಗಲ ಮೇಲೆ ಬಗ್ಗಿ ಕಿರುಚುತ್ತಿದ್ದರಲ್ಲ, ಅದು ಪಟ್ಟಿಯಲ್ಲಿಲ್ಲ.

ಅದಕ್ಕೇ ಶನಿವಾರ ನಮ್ಮ ಮನೆಗೆ ಬರುತ್ತಾರೆ. ಕಾಂಟ್ರಾ ಎಂಬ ಆಟ ಹಾಕಿ, ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಎಂದು ಬಾಯಿಪಾಠ ಒಪ್ಪಿಸುತ್ತಾ ಗುಂಡಿ ಒತ್ತುತ್ತಾರೆ. ಮೂರು ಲೈಫಿನ ಜಾಗದಲ್ಲಿ ಮೂವತ್ತು ಸಿಗುತ್ತದೆ. ಕೊನಾಮಿ ಕಂಪನಿಯ ಕಜುಹಿಸಾ ಹಾಶಿಮೊಟೊ ಗ್ರೇಡಿಯಸ್ ಎಂಬ ಆಟವನ್ನು ಪರೀಕ್ಷಿಸುವಾಗ, ಅದು ತನಗೇ ಕಷ್ಟವಾಯಿತೆಂದು ಈ ಗುಟ್ಟನ್ನು ತುರುಕಿದರಂತೆ. ಕಾಂಟ್ರಾಗೆ ಅದು ಆಮೇಲೆ ಬಂತು. 2020ರಲ್ಲಿ ಹಾಶಿಮೊಟೊ ತೀರಿಕೊಂಡ ಸುದ್ದಿ ಬಂದ ದಿನ ಭಾವ ಎಲೆಯ ಮೇಲಿನ ಹೋಳಿಗೆ ಮುಟ್ಟಲಿಲ್ಲ. ಯಾರು ಹೋದರೋ ಎಂದು ಅತ್ತಿಗೆ ನೆಂಟರಿಗೆಲ್ಲ ಫೋನ್ ಮಾಡಿದರು.

ಮೂರನೇ ಸ್ಟೇಜಿನಲ್ಲಿ ಜಲಪಾತ ಹತ್ತಬೇಕು. ಇಬ್ಬರಲ್ಲಿ ಮುಂದಿದ್ದವನು ಹತ್ತಿದಂತೆ ಪರದೆ ಮೇಲೆ ಸರಿಯುತ್ತದೆ, ಕೆಳಗುಳಿದವನು ಸಾಯುತ್ತಾನೆ. ಭಾವ ಮಂಗನ ಹಾಗೆ ಹತ್ತಿಬಿಡುತ್ತಾರೆ. ನನ್ನ ಲೈಫೆಲ್ಲ ಅಲ್ಲೇ ಖರ್ಚು. ‘ನಿಲ್ಲಿ ಭಾವ, ನಿಲ್ಲಿ!’ ಎಂದು ನಾನು, ‘ಹತ್ರೀ, ಹತ್ರೀ!’ ಎಂದು ಅವರು.

ಯಾರಿಗಾದರೂ ಇಪ್ಪತ್ತೊಂದು ಇಂಚಿನ ಪಿಕ್ಚರ್ ಟ್ಯೂಬ್ ಟೀವಿ ಬೇಕಿದ್ದರೆ ಬಂದು ಒಯ್ಯಬಹುದು. ದುಡ್ಡು ಬೇಡ, ಮೂರು ಮಹಡಿ ಇಳಿಸುವ ಕೆಲಸ ನಿಮ್ಮದು. ಶನಿವಾರ ಸಂಜೆ ಮಾತ್ರ ಬರಬೇಡಿ.