ಕ್ಯಾಪ್ರಿಯಲ್ಲಿ ಕೂರುವುದೇ ದುಬಾರಿ

ಇಟಲಿಯ ಕ್ಯಾಪ್ರಿ ದ್ವೀಪದಲ್ಲಿ ನಿಲ್ಲಬಹುದು, ನಡೆಯಬಹುದು, ದೋಣಿಯಲ್ಲಿ ಅಂಗಾತ ಮಲಗಲೂಬಹುದು. ಕೂರುವ ಮುನ್ನ ಮಾತ್ರ ಜೇಬು ಮುಟ್ಟಿ ನೋಡಿಕೊಳ್ಳಬೇಕು. ಊರ ನಡುವಿನ ಪಿಯಾಝೆಟ್ಟಾ ಚೌಕದಲ್ಲಿ ನಿಂತು ಕುಡಿದ ಕಾಫಿಗೆ ಒಂದು ಬೆಲೆ. ಅದೇ ಕಾಫಿಯನ್ನು ನಾಲ್ಕು ಹೆಜ್ಜೆ ಆಚೆ ಕುರ್ಚಿಯಲ್ಲಿ ಕೂತು ಕುಡಿದರೆ ಬೇರೆಯೇ ಬೆಲೆ. ಬೆಂಗಳೂರಿನ ದರ್ಶಿನಿಗಳಲ್ಲಿ ನಿಂತೇ ಪಳಗಿದ ನಮ್ಮಿಬ್ಬರಿಗೆ ಆ ತರಬೇತಿ ಕೈಹಿಡಿಯಿತು.

ನೇಪಲ್ಸ್‌ನಿಂದ ಬೆಳಗಿನ ಹಡಗು ಗಂಟೆಯೊಳಗೆ ನಮ್ಮನ್ನು ಮರೀನಾ ಗ್ರಾಂದೆ ಬಂದರಿನಲ್ಲಿ ಸುರಿಯಿತು. ಅಲ್ಲಿಂದ ಮೋಟಾರು ದೋಣಿಯಲ್ಲಿ ‘ನೀಲಿ ಗುಹೆ’ಗೆ. ಗುಹೆಯ ಮುಂದೆ ಪುಟ್ಟ ಹುಟ್ಟುದೋಣಿಗೆ ದಾಟಬೇಕು. ಅದಕ್ಕೆ ಬೇರೆ ಟಿಕೆಟ್ಟು. ಕೌಂಟರೂ ಅಲ್ಲೇ ನೀರಿನ ಮೇಲೆ ತೇಲುತ್ತಿತ್ತು! ಸಮುದ್ರದ ನಡುವೆಯೂ ಕ್ಯೂ ತಪ್ಪಲಿಲ್ಲವಲ್ಲ ಎಂದಳು ಹೆಂಡತಿ.

ಗುಹೆಯ ಬಾಯಿ ನೀರಿನಿಂದ ಸುಮಾರು ಒಂದು ಮೀಟರ್ ಎತ್ತರ. ಅಂಬಿಗ ಕೂಗಿದ್ದೇ ತಡ, ಒಬ್ಬರ ಮಡಿಲಲ್ಲೊಬ್ಬರು ಅಂಗಾತ. ನನ್ನ ಎದೆಯ ಮೇಲೆ ಅಪರಿಚಿತ ಜರ್ಮನ್ ಹಿರಿಯರೊಬ್ಬರ ತಲೆ. ಮಾನ, ಮರ್ಯಾದೆ, ಬಿಗುಮಾನ ಹೊರಗೇ ಉಳಿದವು. ಅಲೆ ತಗ್ಗಿದ ಗಳಿಗೆ ನೋಡಿ, ಬಂಡೆಗೆ ಬಿಗಿದ ಸರಪಳಿ ಜಗ್ಗಿ ಅಂಬಿಗ ದೋಣಿಯನ್ನು ಒಳಕ್ಕೆಳೆದ.

ಎದ್ದು ಕಣ್ಣುಬಿಟ್ಟರೆ, ನೀಲಿ ಹಾಕಿದ ಬಕೆಟ್ಟಿಗೆ ಬಿದ್ದ ಬಿಳಿ ಪಂಚೆಯ ಅನುಭವ! ನೀರಿನಡಿ ಇನ್ನೊಂದು ದೊಡ್ಡ ಕಿಂಡಿಯಿದೆ. ಅದರಿಂದ ಬರುವ ಬಿಸಿಲಿನ ಕೆಂಪನ್ನು ನೀರು ನುಂಗಿ, ನೀಲಿಯನ್ನಷ್ಟೇ ಒಳಗೆ ಬಿಡುತ್ತದೆ. 1826ರಲ್ಲಿ ಈಜಿ ಒಳಹೊಕ್ಕು ಇದನ್ನು ಜಗತ್ತಿಗೆ ಸಾರಿದವನೂ ಜರ್ಮನ್ನನೇ, ಆಗಸ್ಟ್ ಕೊಪಿಶ್. ಅವನಿಗೆ ಪರರ ಎದೆಯ ದಿಂಬು ಬೇಕಾಗಲಿಲ್ಲ. ಅಂಬಿಗ ಹಾಡಿದ, ಗುಹೆ ದನಿಗೂಡಿಸಿತು. ಹಾಡು ಮುಗಿದೊಡನೆ ಅವನ ಕಣ್ಣು ನಮ್ಮ ಪರ್ಸಿನತ್ತ ಹೊರಳಿತು.

ಬಂದರಿನಿಂದ ಗುಡ್ಡದ ಮೇಲಿನ ಅನಕಾಪ್ರಿ ಊರಿಗೆ 921 ಮೆಟ್ಟಿಲುಗಳಿವೆ. ಹೆಸರಿಗೆ ಫಿನೀಷಿಯನ್ ಮೆಟ್ಟಿಲು, ಕಡಿದವರು ಗ್ರೀಕರು. ರಸ್ತೆ ಬರುವವರೆಗೆ ಹೆಂಗಸರು ತಲೆಹೊರೆ ಹೊತ್ತು ಹತ್ತುತ್ತಿದ್ದುದು ಇದನ್ನೇ. ಅವರಿಗೆ ಕೆಳಗಿನಿಂದಲೇ ಕೈಮುಗಿದು ನಾವು ಗುಡ್ಡ ಹತ್ತುವ ಫ್ಯೂನಿಕ್ಯುಲರ್ ರೈಲಿನಲ್ಲಿ ಕ್ಯಾಪ್ರಿ ಊರು ಸೇರಿದೆವು.

ಆದರೂ ಕಾಲಿಗೆ ಬಿಡುಗಡೆಯಿರಲಿಲ್ಲ. ವಿಲ್ಲಾ ಜೋವಿಸ್ ಅರಮನೆಗೆ ಮುಕ್ಕಾಲು ಗಂಟೆಯ ಏರು, ನಡೆದೇ ಹೋಗಬೇಕು. ಅದರ ಒಡೆಯ, ರೋಮನ್ ಸಾಮ್ರಾಟ ಟೈಬೀರಿಯಸ್, ಕ್ರಿ.ಶ. 27ರಿಂದ ಹತ್ತು ವರ್ಷ ಈ ದ್ವೀಪದಲ್ಲಿದ್ದು, ರೋಮ್‌ಗೆ ಪತ್ರ ಬರೆದೇ ರಾಜ್ಯವಾಳಿದ. ಕ್ಯಾಪ್ರಿಯಲ್ಲಿ ಬಿಟ್ಟಿ ಕೂತವನು ಬಹುಶಃ ಇವನೊಬ್ಬನೇ!

ರೋಮನ್ ಚರಿತ್ರಕಾರ ಸುಯೆಟೋನಿಯಸ್ ಈ ದೊರೆಯ ಬಗ್ಗೆ ಬರೆದಿಟ್ಟ ಕಥೆಯೊಂದಿದೆ. ಮೀನುಗಾರನೊಬ್ಬ ಕಡಿದಾದ ಬಂಡೆ ಹತ್ತಿ ಬಂದು ದೊರೆಗೆ ದೊಡ್ಡ ಮೀನು ಕಾಣಿಕೆ ಕೊಟ್ಟ. ಹೇಳದೆ ಕೇಳದೆ ಎದುರಾದವನನ್ನು ಕಂಡು ಬೆಚ್ಚಿದ ದೊರೆ, ಅದೇ ಮೀನಿನಿಂದ ಅವನ ಮುಖ ಉಜ್ಜಿಸಿದ. ಸದ್ಯ, ಹಿಡಿದಿದ್ದ ದೊಡ್ಡ ಏಡಿಯನ್ನು ತರಲಿಲ್ಲವೆಂದು ಬಡಪಾಯಿ ಸಮಾಧಾನಪಟ್ಟುಕೊಂಡ. ದೊರೆಗೆ ಅದು ಕೇಳಿಸಿತು, ಏಡಿಯೂ ಬಂತು. ಕಥೆ ಕೇಳಿದ ಹೆಂಡತಿ, ಮುನ್ಸೂಚನೆಯಿಲ್ಲದೆ ಮನೆಗೆ ಬರುವ ನನ್ನ ಕಡೆಯ ನೆಂಟರ ಹೆಸರುಗಳನ್ನು ದಾರಿಯುದ್ದಕ್ಕೂ ನೆನೆದಳು.

ಕ್ಯಾಪ್ರಿಗೆ ಹೋಗುವವರಿಗೆ ನನ್ನದೊಂದು ಮಾತು: ಅಲೆ ಎದ್ದ ದಿನ ಗುಹೆ ಮುಚ್ಚಿರುತ್ತದೆ. ಬೇಸರಿಸದೆ ಹಳೆಯ ಚಪ್ಪಲಿ ಮೆಟ್ಟಿ ಅರಮನೆಯ ಗುಡ್ಡ ಹತ್ತಿ. ಕೈಯಲ್ಲಿ ನೀರಿನ ಬಾಟಲಿ ಇರಲಿ, ಮೀನು ಮಾತ್ರ ಬೇಡ.