ಪ್ರಾಗ್ ಕಂಡು ಬಂದ ಮ್ಯಾನೇಜರ್ರು

ನಮ್ಮ ಕಡೆ ಒಮ್ಮೆ ಬ್ಯಾಂಕ್ ಮ್ಯಾನೇಜರ್ ಆದವರು ಕೊನೆಯವರೆಗೂ ಮ್ಯಾನೇಜರ್ರೇ. ಬ್ಯಾಂಕೇ ಇನ್ನೊಂದು ಬ್ಯಾಂಕಿನಲ್ಲಿ ಲೀನವಾಗಿ ಹೆಸರು ಕಳೆದುಕೊಂಡರೂ ಇವರ ಹುದ್ದೆಗೆ ಚ್ಯುತಿಯಿಲ್ಲ. ಕೋಟೇಶ್ವರದಲ್ಲಿ ಇಂಥವರು ಬೀದಿಗೊಬ್ಬರು ಸಿಗುತ್ತಾರೆ. ಅವರಲ್ಲೊಬ್ಬರ ಮಗ ಜರ್ಮನಿಯಲ್ಲಿ, ಅವನ ಮನೆಗೆ ಹೋದಾಗ ಒಂದು ದಿನದ ಮಟ್ಟಿಗೆ ಪ್ರಾಗ್. ಆ ಒಂದು ದಿನದ ಮೇಲಿನ ಬಡ್ಡಿ ಇವತ್ತಿಗೂ ಬೆಳೆಯುತ್ತಿದೆ.

ಅದಕ್ಕೆ ಮೊದಲು ಇವರು ನಡೆದದ್ದನ್ನು ಊರಲ್ಲಿ ಕಂಡವರಿಲ್ಲ. ರಥಬೀದಿಯ ಅಂಗಡಿಗೆ ಕೊತ್ತಂಬರಿ ಸೊಪ್ಪಿಗೂ ಸ್ಕೂಟರೇ. ಅಲ್ಲೂ ಇಳಿಯುವುದಿಲ್ಲ, ಹಾರ್ನ್ ಹಾಕಿದರೆ ಹುಡುಗ ಸೊಪ್ಪು ತಂದು ಕೊಡುತ್ತಾನೆ. ಅಂಥವರು ಪ್ರಾಗಿನ ಹಳೇಪೇಟೆಯ ಕಲ್ಲುಹಾಸಿನ ಮೇಲೆ ಬೆಳಿಗ್ಗೆಯಿಂದ ಕತ್ತಲೆಯವರೆಗೆ ನಡೆದರಂತೆ. ಮೊಬೈಲು ಹೆಜ್ಜೆ ಎಣಿಸಿದ್ದರ ಫೋಟೋ ಇದೆ, ಕೇಳದಿದ್ದರೂ ತೋರಿಸುತ್ತಾರೆ. ಮಂಡಿ ನೋವು ಏನಾಯಿತು ಎಂದು ಮಾತ್ರ ಕೇಳಬಾರದು. ಅದು ವೀಸಾ ಸಿಗದೆ ಇಲ್ಲೇ ಉಳಿದಿತ್ತು.

ಹೋಟೆಲಿನಲ್ಲಿ ಚಾ ಬರುವಷ್ಟರಲ್ಲಿ ಕಥೆ 1410ರ ಖಗೋಳ ಗಡಿಯಾರಕ್ಕೆ ಬಂದಿರುತ್ತದೆ. ಗಂಟೆಗೊಮ್ಮೆ ಅಸ್ಥಿಪಂಜರವೊಂದು ಗಂಟೆ ಬಾರಿಸುತ್ತದೆ, ಮೇಲಿನ ಕಿಟಕಿ ತೆರೆದು ಯೇಸುವಿನ ಶಿಷ್ಯರು ಒಬ್ಬೊಬ್ಬರಾಗಿ ಮುಖ ತೋರಿಸಿ ಹೋಗುತ್ತಾರೆ.

"ಕುಣುದಿಲ್ಯಾ?" ಪಕ್ಕದ ಬೆಂಚಿನಿಂದ ಪ್ರಶ್ನೆ.

"ಇಲ್ಲ."

"ಅರ್ಥ ಹೇಳುದು?"

"ಇಲ್ಲ ಮಾರಾಯ."

"ಅಷ್ಟಕ್ಕೆ ಅಷ್ಟ್ ಜನ ಕಾಯ್ಕಂಡ್ ನಿಲ್ತ್ರಾ!"

ಅದೇ ಗಡಿಯಾರದಲ್ಲಿ ಸೂರ್ಯ ಯಾವ ರಾಶಿಯಲ್ಲಿದ್ದಾನೆಂಬುದೂ ಕಾಣುತ್ತದೆ. ಸೌರಮಾನದ ಕರಾವಳಿಯವರಿಗೆ ಇದೇನು ಸಣ್ಣ ಸಂಗತಿಯಲ್ಲ. ಮ್ಯಾನೇಜರ್ರು ಗೋಪುರದ ಬುಡದಲ್ಲೇ ಮೊಬೈಲಿನಲ್ಲಿ ಪಂಚಾಂಗ ತೆರೆದು ತಾಳೆ ಹಾಕಿದರು. ಹೊಂದಲಿಲ್ಲ. ಅಲ್ಲಿಯದು ಸಾಯನ, ನಮ್ಮದು ನಿರಯನ; ಮೂರು ವಾರಕ್ಕೂ ಮಿಕ್ಕಿದ ಅಂತರ. ದಿನದ ಲೆಕ್ಕ ತಾಳೆಯಾಗದೆ ಬ್ಯಾಂಕಿನ ಬಾಗಿಲು ಹಾಕಿಸದಿದ್ದ ಮನುಷ್ಯ. ಹೆಂಡತಿ ಕೈಹಿಡಿದು ಎಳೆಯದಿದ್ದರೆ ಅಲ್ಲೇ ಇರುತ್ತಿದ್ದರೋ ಏನೋ.

ಆಮೇಲೆ 1357ರಲ್ಲಿ ಕಟ್ಟಲು ತೊಡಗಿದ ಚಾರ್ಲ್ಸ್ ಸೇತುವೆ. ಗಾರೆ ಗಟ್ಟಿಯಾಗಲೆಂದು ಊರೂರಿಂದ ಮೊಟ್ಟೆ ತರಿಸಿದ್ದರು, ವೆಲ್ವರಿ ಎಂಬ ಊರಿನವರು ದಾರಿಯಲ್ಲಿ ಒಡೆಯದಿರಲಿ ಎಂದು ಬೇಯಿಸಿಯೇ ಕಳಿಸಿದ್ದರು ಎಂಬುದು ಅಲ್ಲಿಯವರ ಐತಿಹ್ಯ. ಮನೆಯಲ್ಲಿ ಇದನ್ನು ರಸವತ್ತಾಗಿ ಹೇಳಿದಾಗ ವೃದ್ಧ ತಾಯಿ ಕೇಳಿದ್ದು ಒಂದೇ ಮಾತು: "ಮೊಟ್ಟಿ ಮೆಟ್ಕಂಡ್ ಬಂದ್ಯಾ? ಮೊದ್ಲ್ ಮಿಂದ್ಕಂಡ್ ಬಾ."

ಕಳೆದ ಸಲ ಮಗನ ಜೊತೆ ಅವನ ಜರ್ಮನ್ ಗೆಳೆಯನೂ ಬಂದಿದ್ದ. ಅವನಿಗೆ ಇಲ್ಲಿಯ ಹಳೇಪೇಟೆ ನೋಡಬೇಕಿತ್ತು. ಮ್ಯಾನೇಜರ್ರು ಎ.ಸಿ. ಹಾಕಿದ ಕಾರಿನೊಳಗಿಂದಲೇ ಕೋಟಿತೀರ್ಥ ಕೆರೆ ತೋರಿಸಿದರು. ಅವನು ಇಳಿದು ಇಡೀ ಕೆರೆ ಸುತ್ತಿದ. ರಥ ಕಟ್ಟುವ ಕಡೆ ಹೋಗಿ ಉಳಿಯ ಸದ್ದು ಕೇಳುತ್ತ ನಿಂತ. 2019ರಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದ ಬ್ರಹ್ಮರಥ ಕೋಟೇಶ್ವರದಲ್ಲೇ ಆದದ್ದೆಂದು ಅಲ್ಲಿಂದ ತಿಳಿದುಕೊಂಡು ಬಂದು ಮ್ಯಾನೇಜರ್ರಿಗೆ ಹೇಳಿದ. "ಗೊತ್ತುಂಟು, ಗೊತ್ತುಂಟು" ಎಂದರು. ಗೊತ್ತಿರಲಿಲ್ಲವೆಂದು ನನ್ನ ಅನುಮಾನ.

ಅವರ ಮುಖ್ಯ ದೂರು ಬೇರೆಯೇ. "ಆ ಸೇತುವೆ ಮೇಲೆ ಒಂದು ಗಾಡಿ ಬಿಡುದಿಲ್ಲ ಮಾರಾಯ್ರೆ. ನಮ್ಮಲ್ಲಿ ಅಂಥ ಶಿಸ್ತು ಎಲ್ಲುಂಟು?"

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೊಡಿ ಹಬ್ಬ ಬಂತು. ಬೆಳಗಿನ ಜಾವವೇ ಜನ ಮಿಂದು, ಕೆರೆ ಸುತ್ತ ಅಕ್ಕಿ ಚೆಲ್ಲುತ್ತ ಸುತ್ತಕ್ಕಿ ಸೇವೆ ಮಾಡುತ್ತಿದ್ದರು. ಹೊಸ ಮದುಮಕ್ಕಳ ಕೈಯಲ್ಲಿ ಕಬ್ಬಿನ ಕೊಡಿ. ತೇರಿನ ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಬೀದಿಯ ಬಾಯಲ್ಲಿ ಅಡ್ಡಕ್ಕೆ ಹಗ್ಗ ಕಟ್ಟಿತ್ತು. ಹಗ್ಗಕ್ಕೆ ಸ್ಕೂಟರಿನ ಮುಂದಿನ ಗಾಲಿ ತಾಗಿಸಿಕೊಂಡು ನಮ್ಮ ಮ್ಯಾನೇಜರ್ರು.

"ಗಾಡಿ ಬಿಡುದಿಲ್ಲ ಸಾರ್, ಇಲ್ಲೇ ಇಟ್ಟು ನಡ್ಕೊಂಡು ಹೋಗಿ," ಎಂದ ಪೊಲೀಸಿನವ.

"ನಡ್ಕೊಂಡಾ!" ಎಂದರು ಮ್ಯಾನೇಜರ್ರು. "ನನ್ನ ಮಂಡಿ ನೋವಿನ ಫೈಲು ಎಷ್ಟು ದಪ್ಪ ಉಂಟು ಗೊತ್ತುಂಟಾ ನಿಮಗೆ?"